ಅರವತ್ತು ಸೈಕಲ್ಲಿನ ಹಾಡು

ಅವರು ಯಾವ ವಸ್ತುವನ್ನಾದರೂ ಅಂಚಿನಲ್ಲೇ ಹಿಡಿಯುತ್ತಿದ್ದರು. ಊಟದ ತಟ್ಟೆ, ಫೋಟೊ, ಬೇಕರಿಯಿಂದ ತಂದ ಬಿಸಿ ಖುಬ್ಬೂಸ್ ರೊಟ್ಟಿ, ಕೊನೆಗೆ ಕಂಪೆನಿಯ ಗುರುತಿನ ಕಾರ್ಡನ್ನೂ ಎರಡು ಅಂಗೈಗಳ ನಡುವೆ, ಬೆರಳು ತಾಗದ ಹಾಗೆ ಎತ್ತುತ್ತಿದ್ದರು. ಮೊದಮೊದಲು ನನಗೆ ಇದೇನು ಮಡಿವಂತಿಕೆ ಎಂದು ನಗು ಬರುತ್ತಿತ್ತು. ಅವರ ಕೋಣೆಗೆ ಹೋಗಿ, ಅವರು ಕಪಾಟಿನಿಂದ ಒಂದು ಗ್ರಾಮಫೋನ್ ರೆಕಾರ್ಡನ್ನು ಹೊರತೆಗೆಯುವುದನ್ನು ನೋಡಿದ ಮೇಲೆ ಆ ಕೈಗಳಿಗೆ ಎಲ್ಲಿಂದ ಅಭ್ಯಾಸವಾಗಿದೆ ಎಂದು ತಿಳಿಯಿತು. ಅವರು ಹೋಗಿಬಿಟ್ಟರು ಎಂಬ ಸುದ್ದಿ ಬಂದಾಗ ಮೊದಲು ಕಣ್ಣಿಗೆ ಕಟ್ಟಿದ್ದು ಆ ಕೈಗಳೇ.

ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಕಂಪೆನಿಯ ಹುಟ್ಟುಹಬ್ಬದ ಪಟ್ಟಿಯಲ್ಲಿ ತನ್ನ ಹೆಸರು ಕಂಡರೂ ಮುಜುಗರಪಡುತ್ತಿದ್ದ ಮನುಷ್ಯ. ನಮ್ಮ ಕಡೆ ತುಳು ಮಾತಾಡುವವರು ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ನಾನು ಅವರನ್ನು ಪೊರ್ಬುಗಳೇ ಎನ್ನುತ್ತಿದ್ದೆ. ಅವರು ನನ್ನನ್ನು, ಕರಾವಳಿಯ ಮುಸ್ಲಿಮರನ್ನು ಕರೆಯುವ ಹಾಗೆ, ಬ್ಯಾರಿ ಎನ್ನುತ್ತಿದ್ದರು. ಸೌದಿಯ ಅಲ್ ಖೋಬರಿನಲ್ಲಿ ನಾವಿಬ್ಬರೂ ಒಂದೇ ಕಂಪೆನಿಯಲ್ಲಿದ್ದೆವು, ಒಂದೇ ಕಟ್ಟಡದಲ್ಲಿ ವಾಸವಿದ್ದೆವು. ನನ್ನ ಹೆಂಡತಿ ಮಕ್ಕಳು ಬಂಟ್ವಾಳದಲ್ಲಿ, ಅವರ ಹೆಂಡತಿ ಮಂಗಳೂರಿನಲ್ಲಿ. ಅವರ ಒಬ್ಬಳೇ ಮಗಳು ಮದುವೆಯಾಗಿ ಪುಣೆಯಲ್ಲಿದ್ದಳು. ಊರವರ ಕಣ್ಣಿಗೆ ನಾವು ಗಲ್ಫಿನವರು. ಇಲ್ಲಿ ನಾವು ಸಂಸಾರವಿದ್ದೂ ಬ್ಯಾಚುಲರುಗಳು.

ಗೋದಾಮಿಗೆ ಬರುವ ವಿದ್ಯುತ್ ಸಾಮಾನುಗಳನ್ನು ಪರೀಕ್ಷಿಸಿ ಒಳಗೆ ಬಿಡುವುದು ಅವರ ಕೆಲಸ. ನಾನು ಖರೀದಿ ವಿಭಾಗದಲ್ಲಿದ್ದೆ. ಯಾವ ದೇಶದಿಂದ ಮೋಟಾರು ಬಂದರೂ ಪೆಟ್ಟಿಗೆ ಬಿಚ್ಚುವ ಮೊದಲೇ ಅವರು ದೂರದಿಂದ ಕೂಗುತ್ತಿದ್ದರು: "ಅರವತ್ತಾ, ಐವತ್ತಾ?" ಸೌದಿಯ ಕರೆಂಟು ಸೆಕೆಂಡಿಗೆ ಅರವತ್ತು ಸೈಕಲ್ಲಿನದು, ನಮ್ಮ ಊರಿನದು ಐವತ್ತು. ಊರಿನ ಲೆಕ್ಕದ ಮೋಟಾರನ್ನು ಇಲ್ಲಿ ಹಚ್ಚಿದರೆ ಬೇಕಾದ್ದಕ್ಕಿಂತ ಜೋರಾಗಿ ತಿರುಗುತ್ತದೆ. ಐವತ್ತು ಎಂದು ಬರೆದಿದ್ದರೆ ಸಾಕು, ಅದು ಎಷ್ಟೇ ದೊಡ್ಡ ಕಂಪೆನಿಯದಾಗಿರಲಿ, ಅವರು ಲಾರಿಯಿಂದ ಇಳಿಸಲೂ ಬಿಡುತ್ತಿರಲಿಲ್ಲ. ಒಮ್ಮೆ ಮ್ಯಾನೇಜರನೇ ಬಂದು ಹೇಗಾದರೂ ಹೊಂದಿಸಿಕೊಳ್ಳಿ ಎಂದಾಗ, "ಸರ್, ನಾನು ಹೊಂದಿಸಿಕೊಳ್ತೇನೆ. ಮೋಟಾರಿಗೆ ಯಾರು ಹೇಳುದು?" ಎಂದಿದ್ದರು.

ಅವರ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಒಂದು ಕಪಾಟು, ಮತ್ತು ರೆಕಾರ್ಡು ನುಡಿಸುವ ಒಂದು ಟರ್ನ್‌ಟೇಬಲ್. ಟಿ.ವಿ. ಇರಲಿಲ್ಲ. ಟರ್ನ್‌ಟೇಬಲ್ಲು ಒಬ್ಬ ಅಮೆರಿಕನ್ನನದು. ಕಾಂಪೌಂಡುಗಳೊಳಗೆ ಇರುವ ಬಿಳಿಯರು ಕೆಲಸ ಮುಗಿಸಿ ಹೊರಡುವಾಗ ಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರವಿ ಮಾರುತ್ತಾರೆ. ಅಂಥ ಕಡೆ ಜನ ಸೋಫಾ, ಮೈಕ್ರೋವೇವ್, ಮಕ್ಕಳ ಸೈಕಲ್ಲಿಗೆ ಮುಗಿಬೀಳುತ್ತಿದ್ದರೆ ಇವರು ಮೂಲೆಯಲ್ಲಿ ಧೂಳು ಹಿಡಿದಿದ್ದ ಈ ಪೆಟ್ಟಿಗೆಯನ್ನು ಅಂಚಿನಲ್ಲಿ ಹಿಡಿದು ಎತ್ತಿಕೊಂಡು ಬಂದಿದ್ದರಂತೆ.

"ಇಂಟರ್ನೆಟ್ಟಲ್ಲಿ ಎಲ್ಲ ಹಾಡು ಸಿಗ್ತದಲ್ಲ ಪೊರ್ಬುಗಳೇ, ಇದೆಂತಕೆ?" ಎಂದು ನಾನು ಕೇಳಿದ್ದೆ.

"ಎಲ್ಲ ಸಿಗ್ತದೆ. ನನಗೆ ಬೇಕಾದ್ದೊಂದು ಸಿಗುದಿಲ್ಲ," ಎಂದರು.

ಬೇಕಾದ್ದು ಒಂದು ಸಣ್ಣ ರೆಕಾರ್ಡು. ಕೊಂಕಣಿ ಹಾಡುಗಳದು. ಎಷ್ಟೋ ವರ್ಷಗಳ ಹಿಂದೆ ಮಂಗಳೂರಿನ ಹುಡುಗ ಹುಡುಗಿಯರ ಒಂದು ತಂಡ ಬೊಂಬಾಯಿಗೆ ಹೋಗಿ ಹಾಡಿ ಬಂದದ್ದು. ಅದರ ಎರಡನೇ ಬದಿಯಲ್ಲಿ, ಎಲ್ಲರೂ ಒಟ್ಟಿಗೆ ಹಾಡುತ್ತಿರುವಾಗ, ನಡುವೆ ಎರಡು ಸಾಲು ಒಬ್ಬಳೇ ಹುಡುಗಿ ಹಾಡುತ್ತಾಳೆ. ಆ ಹುಡುಗಿ ಮುಂದೆ ಇವರ ಹೆಂಡತಿಯಾದಳು. ಮದುವೆಯಾದ ಮರುವರ್ಷವೇ ಇವರು ಸೌದಿಗೆ ಬಂದರು. ಮೊದಲು ಆ ಹಾಡನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದರಂತೆ. ಸೆಕೆಗೆ ಟೇಪು ಎಳೆದುಹೋಯಿತು. ಆಮೇಲೆ ಒಂದು ರಜೆಯಲ್ಲಿ ಮೂಲ ರೆಕಾರ್ಡನ್ನೇ ಬಟ್ಟೆಗಳ ನಡುವೆ ಇಟ್ಟುಕೊಂಡು ಬಂದು, ನುಡಿಸಲು ಯಂತ್ರವಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿ ಇಟ್ಟುಕೊಂಡಿದ್ದರು.

ಶುಕ್ರವಾರ ಊಟವಾದ ಮೇಲೆ ಅವರು ಊರಿಗೆ ಫೋನು ಮಾಡುತ್ತಿದ್ದರು. ನಾನು ಎದುರಿಗೆ ಕೂತಿದ್ದರೂ ಮುಚ್ಚುಮರೆ ಇರಲಿಲ್ಲ, ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಗ್ಯಾಸ್ ಬಂತಾ, ಟ್ಯಾಂಕಿ ತೊಳೆಸಿದೆಯಾ, ಮಂಡಿ ನೋವು ಹೇಗುಂಟು, ಮೀನಿಗೆ ಎಷ್ಟು. ಗೋದಾಮಿನವರ ಜೊತೆ ಮಾತಾಡುವ ಅದೇ ಧ್ವನಿ. ಫೋನಿಟ್ಟು ಕೈ ತೊಳೆದುಕೊಂಡು ಬಂದು ಆ ರೆಕಾರ್ಡನ್ನು ಹಚ್ಚುತ್ತಿದ್ದರು. ಎರಡು ಸಾಲು ಬರುವಾಗ ಅವರ ಮುಖ ಬೇರೆಯೇ ಆಗುತ್ತಿತ್ತು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಬೇರೆಯವರ ಮನೆಯ ಬಾಗಿಲು ತೆರೆದಿದ್ದಾಗ ನಾವು ಮುಖ ತಿರುಗಿಸುತ್ತೇವಲ್ಲ, ಹಾಗೆ.

"ಫೋನಲ್ಲೇ ಒಂದು ಹಾಡು ಹೇಳು ಅಂತ ಕೇಳ್ಬಾರದಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಎಂತ ಮಾರಾಯ, ನಾಚಿಕೆ ಆಗುದಿಲ್ವಾ? ಫೋನಲ್ಲಿ ಅವಳು ಮನೆಯೆಜಮಾನಿ. ನಾನೂ ಅಷ್ಟೆ, ದುಡ್ಡು ಕಳಿಸುವವ," ಎಂದರು. "ಇವಳು ಗ್ಯಾಸ್ ಬಗ್ಗೆ ಕೇಳುದಿಲ್ಲ," ಎಂದು ರೆಕಾರ್ಡಿನ ಕಡೆ ಕೈ ತೋರಿಸಿ ನಕ್ಕರು. ನನಗೂ ನಗು ಬಂತು, ಆಮೇಲೆ ರಾತ್ರಿ ಹಾಸಿಗೆಯಲ್ಲಿ ಅದು ನಗುವ ಮಾತಲ್ಲ ಅನಿಸಿತು. ನನ್ನ ಹೆಂಡತಿಯ ಜೊತೆ ನಾನು ಆ ವಾರ ಏನು ಮಾತಾಡಿದ್ದೆ ಎಂದು ನೆನಪಿಸಿಕೊಂಡರೆ ಅಲ್ಲಿಯೂ ಇದ್ದದ್ದು ಮಗನ ಶಾಲೆಯ ಫೀಸು ಮತ್ತು ಬಾವಿಯ ಪಂಪು.

ನನಗೆ ಈ ಹುಚ್ಚು ಹಿಡಿಸಿದ್ದು ಅವರೇ. ಮತ್ತೊಬ್ಬ ಬಿಳಿಯ ಊರು ಬಿಟ್ಟಾಗ ನನ್ನನ್ನು ಎಳೆದುಕೊಂಡು ಹೋಗಿ, ಅವರದೇ ಮಾದರಿಯ ಇನ್ನೊಂದು ಟರ್ನ್‌ಟೇಬಲ್ ಕೊಡಿಸಿದರು. ಮನೆಗೆ ತಂದ ಕೂಡಲೇ ಹಾಡು ಹಚ್ಚುವ ಆತುರ ನನಗೆ. ಅವರು ಬಿಡಬೇಕಲ್ಲ! ಸೈಟಿನಿಂದ ರಸಮಟ್ಟ ತಂದು ಮೇಜಿನ ನಾಲ್ಕು ಕಾಲಿಗೂ ರಟ್ಟು ಕೊಟ್ಟು ಸಮ ಮಾಡಿದರು. ಸೂಜಿ ಹಿಡಿದಿರುವ ತೋಳಿನ ಹಿಂದಿನ ಭಾರವನ್ನು ತಿರುಗಿಸಿ ತಿರುಗಿಸಿ, ತೋಳು ಮೇಲೂ ಹೋಗದೆ ಕೆಳಗೂ ಬೀಳದೆ ಗಾಳಿಯಲ್ಲಿ ತೇಲುವ ಹಾಗೆ ಮಾಡಿ, ಆಮೇಲೆ ಸೂಜಿಗೆ ಬೇಕಾದಷ್ಟೇ ಭಾರ ಕೊಟ್ಟರು. ರೆಕಾರ್ಡಿಗೆ ಅವರು ಪ್ಲೇಟು ಎನ್ನುತ್ತಿದ್ದರು. "ಜಾಸ್ತಿ ಒತ್ತಿದ್ರೆ ಪ್ಲೇಟು ಸವೀತದೆ. ಕಮ್ಮಿ ಒತ್ತಿದ್ರೆ ಹಾರ್ತದೆ. ಸಂಸಾರದ ಹಾಗೆಯೇ," ಎಂದರು. ಸಂಸಾರದ ಬಗ್ಗೆ ಅವರಿಗೆ ಇದ್ದ ಅನುಭವ ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯದು. ನಾನು ಹಾಗೆ ಹೇಳಲಿಲ್ಲ.

ಧೂಳು ನಮ್ಮ ದೊಡ್ಡ ಶತ್ರು. ಮರಳುಗಾಳಿ ಎದ್ದಿತೆಂದರೆ ಅವರು ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ನನ್ನ ಕೋಣೆಗೂ ಬಂದು ತುರುಕಿ ಹೋಗುತ್ತಿದ್ದರು. ಸೂಜಿಯ ತುದಿಯ ಧೂಳನ್ನು ಬೆರಳಿನಿಂದ ಒರೆಸಲು ಹೋಗಿ ಬೈಸಿಕೊಂಡಿದ್ದೇನೆ. ಅದಕ್ಕಿಂತ ದೊಡ್ಡ ಎಡವಟ್ಟನ್ನು ಬಹರೈನಿಗೆ ಹೋಗಿ ಬಂದ ದಿನ ಮಾಡಿದೆ. ಸೇತುವೆ ದಾಟಿ ಹೋಗಿ, ಅಲ್ಲಿನ ಹಳೆ ಅಂಗಡಿಯೊಂದರಲ್ಲಿ ಊದ್ ವಾದ್ಯದ ಒಂದು ರೆಕಾರ್ಡು ತಂದು, ವಾಪಸಾಗುವಾಗ ನಮಾಜಿಗೆಂದು ಮಸೀದಿಯ ಎದುರು ಕಾರು ನಿಲ್ಲಿಸಿ ಇಳಿದೆ. ರೆಕಾರ್ಡು ಹಿಂದಿನ ಸೀಟಿನಲ್ಲಿತ್ತು, ಜುಲೈ ತಿಂಗಳ ಬಿಸಿಲಿತ್ತು. ತಂದು ತೋರಿಸಿದಾಗ ಪೊರ್ಬುಗಳು ಅದನ್ನು ಕಣ್ಣ ಮಟ್ಟಕ್ಕೆ ಎತ್ತಿ ನೋಡಿ, "ಹಪ್ಪಳ ಆಯ್ತಲ್ಲ ಬ್ಯಾರಿ. ಇನ್ನು ಎಣ್ಣೆಗೆ ಹಾಕುದೊಂದು ಬಾಕಿ," ಎಂದರು.

ಬಾಂಗಿನ ಹೊತ್ತಿಗೆ ಅವರು ಸೂಜಿ ಎತ್ತುತ್ತಿದ್ದರು. ಪಕ್ಕದಲ್ಲೇ ಮಸೀದಿ. ಮೈಕು ಗುರ್ ಎಂದದ್ದೇ ತಡ, ಬಾಂಗು ಶುರುವಾಗುವ ಮುನ್ನ ಅವರ ಕೈ ತೋಳಿನ ಮೇಲಿರುತ್ತಿತ್ತು. ನಾನು ನಮಾಜು ಮುಗಿಸಿ ಬರುವವರೆಗೆ ಮತ್ತೆ ಹಚ್ಚುತ್ತಿರಲಿಲ್ಲ. "ನೀವು ಕೇಳಿ, ನಾನು ಬಂದು ಸೇರಿಕೊಳ್ತೇನೆ," ಎಂದರೆ, "ಅರ್ಧದಿಂದ ಕೇಳುದು ಮಜ್ಜಿಗೆ ಬಡಿಸುವಾಗ ಊಟಕ್ಕೆ ಕೂರುವ ಹಾಗೆ," ಎನ್ನುತ್ತಿದ್ದರು. ಅಲ್ಲಿ ನನಗಾಗಿ ಕಾಯುವವರು ಎಂದು ಇದ್ದದ್ದು ಅವರೊಬ್ಬರೇ.

ನಿವೃತ್ತಿಯ ವಯಸ್ಸು ದಾಟಿ ಮೂರೋ ನಾಲ್ಕೋ ಸಲ ಇಕಾಮಾ ಎಂಬ ವಾಸದ ಪರವಾನಗಿ ನವೀಕರಣವಾದ ಮೇಲೆ ಕಂಪೆನಿ ಇನ್ನು ಸಾಕು ಎಂದಿತು. ಫೈನಲ್ ಎಕ್ಸಿಟ್ ಆಯಿತೆಂದರೆ ಇಲ್ಲಿ ಮತ್ತೆ ಕಾಲಿಡುವುದಿಲ್ಲ ಎಂದೇ ಅರ್ಥ. ಅವರು ಕಾರ್ಗೋಗೆ ಹಾಕಿದ್ದು ಎರಡು ಕಂಬಳಿ, ಒಂದು ಮಿಕ್ಸಿ, ಮಗಳಿಗೆ ಖರ್ಜೂರ. ಟರ್ನ್‌ಟೇಬಲ್ಲನ್ನು ಮಾತ್ರ ಜೊತೆಯಲ್ಲೇ ಒಯ್ದರು. ತೋಳನ್ನು ದಾರದಿಂದ ಕಟ್ಟಿ, ಹಿಂದಿನ ಭಾರವನ್ನು ಬಿಚ್ಚಿ ಕಾಲುಚೀಲದಲ್ಲಿ ಸುತ್ತಿ, ಎಲ್ಲವನ್ನೂ ಟವೆಲುಗಳ ನಡುವೆ ಮಲಗಿಸಿದರು. ಅದು ನೂರಹತ್ತು ವೋಲ್ಟಿನದು, ಊರಿನಲ್ಲಿ ಇನ್ನೂರಿಪ್ಪತ್ತರಿಂದ ಇಳಿಸಬೇಕು ಎಂದು ಒಂದು ಟ್ರಾನ್ಸ್‌ಫಾರ್ಮರನ್ನೂ ಕೊಂಡರು. ಇಟ್ಟಿಗೆಯಷ್ಟು ಭಾರದ್ದು. ದಮ್ಮಾಮ್ ವಿಮಾನ ನಿಲ್ದಾಣದಲ್ಲಿ ನಾನು ಅತ್ತೆ. ಅವರು ಅಳಲಿಲ್ಲ. ಇನ್ನು ಶುಕ್ರವಾರಕ್ಕೆ ಕಾಯಬೇಕಾಗಿಲ್ಲ, ಹಾಡೂ ಹಾಡಿದವಳೂ ಒಂದೇ ಮನೆಯಲ್ಲಿ ಎಂದು ಖುಷಿಯಲ್ಲೇ ಇದ್ದರು.

ಅವರು ಹೋದ ಮೇಲೆ ಅವರಿದ್ದ ಎದುರು ಕೋಣೆಗೆ ಹೈದರಾಬಾದಿನ ಒಬ್ಬ ಬಂದ. ಒಳ್ಳೆಯವನೇ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿ ಮಲಗುತ್ತಿದ್ದ. ನಾನು ಒಬ್ಬನೇ ಕೂತು ರೆಕಾರ್ಡು ಹಚ್ಚಲು ನೋಡಿದೆ. ಒಂದು ಬದಿ ಮುಗಿಯುವಷ್ಟರಲ್ಲಿ ಬೇಸರ ಬಂದು ಮುಚ್ಚಳ ಮುಚ್ಚಿಬಿಡುತ್ತಿದ್ದೆ.

ಕೆಲವು ವಾರ ಬಿಟ್ಟು ಅವರ ಫೋನು ಬಂತು. ಕ್ಷೇಮ ಸಮಾಚಾರ ಒಂದೂ ಇಲ್ಲ. "ಬ್ಯಾರಿ, ಅವಳ ಸ್ವರ ದಪ್ಪ ಆಗಿದೆ ಮಾರಾಯ."

"ಬಾಯಮ್ಮನಿಗೆ ಶೀತ ಆಗಿದ್ಯಾ?" ಎಂದೆ. ಅವರ ಮನೆಯವರನ್ನು ನಾನು ಬಾಯಮ್ಮ ಎಂದೇ ಕರೆಯುವುದು.

"ಅವಳದಲ್ಲ. ಪ್ಲೇಟಿನದು! ಯಾರೋ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಕೇಳ್ತದೆ. ಬೆಲ್ಟು ನೋಡಿದೆ, ಎಣ್ಣೆ ಬಿಟ್ಟೆ, ಎಂತ ಮಾಡಿದ್ರೂ ಇಲ್ಲ. ಟ್ರಾನ್ಸ್‌ಫಾರ್ಮರ್ ಸರಿಯೇ ಉಂಟು."

ನನಗೂ ಹೊಳೆಯಲಿಲ್ಲ. ಮರುದಿನ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚುತ್ತಿದ್ದಾಗ ಒಂದು ಮೋಟಾರಿನ ಮೇಲೆ ಅರವತ್ತು ಎಂದು ಕೊರೆದಿದ್ದು ಕಂಡು ಅಲ್ಲೇ ನಿಂತುಬಿಟ್ಟೆ. ಟ್ರಾನ್ಸ್‌ಫಾರ್ಮರು ವೋಲ್ಟನ್ನು ಇಳಿಸುತ್ತದೆ, ಸೈಕಲ್ಲನ್ನು ಬದಲಿಸುವುದಿಲ್ಲ. ಅರವತ್ತರ ಮೋಟಾರು ಐವತ್ತರ ಊರಿನಲ್ಲಿ ನಿಧಾನವಾಗಿ ತಿರುಗುತ್ತಿತ್ತು. ಹತ್ತೊಂಬತ್ತರ ಹುಡುಗಿಯ ಧ್ವನಿ ಇಳಿದು ಇಳಿದು ಮುದುಕಿಯದಾಗಿತ್ತು. ಫೋನು ಮಾಡಿ ಹೇಳಿದೆ.

"ಇಡೀ ಸರ್ವಿಸು ಎಲ್ಲರ ಮೋಟಾರಿಗೂ ಕೇಳಿದೆ. ನನ್ನದಕ್ಕೆ ಕೇಳ್ಲಿಲ್ಲ ನೋಡು," ಎಂದರು. ನಕ್ಕರು ಕೂಡ. ಆದರೆ ಅದರಲ್ಲಿ ನಗು ಇರಲಿಲ್ಲ. ಅರವತ್ತೇ ಸರಿ, ಐವತ್ತು ಎಂದರೆ ತಿರಸ್ಕರಿಸಬೇಕಾದದ್ದು ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ತಾನು ಹುಟ್ಟಿದ ಊರೇ ಐವತ್ತರದು ಎಂಬುದು ಪಾಪ, ಮರೆತೇ ಹೋಗಿತ್ತು.

ಪರಿಹಾರ ಸಣ್ಣದು. ಮೋಟಾರಿನ ತುದಿಯಲ್ಲಿ ಹೆಬ್ಬೆರಳ ತುದಿಯಷ್ಟು ಗಾತ್ರದ ಒಂದು ಹಿತ್ತಾಳೆಯ ಪುಲ್ಲಿ ಇರುತ್ತದೆ, ಬೆಲ್ಟು ಅದರ ಮೇಲೆ ಓಡುವುದು. ಅದನ್ನು ಸ್ವಲ್ಪ ದಪ್ಪದ್ದು ಹಾಕಿದರೆ ವೇಗ ಸರಿಯಾಗುತ್ತದೆ. "ರಜೆಗೆ ಬರುವಾಗ ಮಾಡಿಸ್ಕೊಂಡು ಬಾ. ಅವಳನ್ನು ಹೀಗೆ ಕೇಳ್ಲಿಕ್ಕೆ ನನ್ನಿಂದ ಆಗುದಿಲ್ಲ," ಎಂದರು. ಅವರು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೊಂದೇ ಸಲ. ನನ್ನ ಟರ್ನ್‌ಟೇಬಲ್ಲಿನ ಪುಲ್ಲಿಯನ್ನು ಅಳತೆಗೆ ಕೊಟ್ಟು, ವರ್ಕ್‌ಶಾಪುಗಳ ಕೇರಿಯಲ್ಲಿ ಲೇತ್ ಇಟ್ಟುಕೊಂಡಿದ್ದ ಒಬ್ಬ ಪಾಕಿಸ್ತಾನಿಯಿಂದ ಕಡೆಸಿದೆ. "ಭಾಯಿ, ಯಾವ ಆಟಿಕೆಯದ್ದು ಇದು?" ಎಂದು ಅವನು ಉರ್ದುವಿನಲ್ಲಿ ಕೇಳಿ ನಕ್ಕ.

ರಜೆಗೆ ಹೋದಾಗ ಪುಲ್ಲಿಯನ್ನು ಕಿಸೆಯಲ್ಲಿ ಇಟ್ಟುಕೊಂಡು ಮಂಗಳೂರಿನ ಅವರ ಫ್ಲ್ಯಾಟಿಗೆ ಹೋದೆ. ಪೊರ್ಬುಗಳು ಸೊರಗಿದ್ದರು. ಸ್ವಂತ ಮನೆಯಲ್ಲಿ ಅವರಿಗೆ ಯಾವುದು ಎಲ್ಲಿದೆ ಎಂದು ಗೊತ್ತಿರಲಿಲ್ಲ, ಒಂದು ಚಮಚ ಬೇಕಾದರೂ ಮೂರು ಡ್ರಾವರ್ ಎಳೆಯುತ್ತಿದ್ದರು. ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ನೆಂಟರ ಮನೆಗೆ ಬಂದವನು ಆತಿಥೇಯನಾದ ಹಾಗಿತ್ತು. "ಊಟ ಮಾಡಿಯೇ ಹೋಗ್ಬೇಕು. ಆಮೇಲೆ ಕೂತು ಪುಲ್ಲಿ ಹಾಕುವ," ಎಂದು ಹೇಳಿ ನನಗೆಂದು ಐಸ್‌ಕ್ರೀಮು ತರಲು ಕೆಳಗೆ ಹೋದರು.

ಅವರು ಲಿಫ್ಟು ಹತ್ತಿದ್ದನ್ನು ನೋಡಿಕೊಂಡು ಬಾಯಮ್ಮ ಬಂದು ನನ್ನೆದುರು ನಿಂತರು. ದಪ್ಪ ಕನ್ನಡಕ, ಬಿಳಿ ಕೂದಲು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ.

"ಅದು ತಂದಿದ್ದೀರಾ?"

ಕಿಸೆಯಿಂದ ತೆಗೆದು ತೋರಿಸಿದೆ.

"ಹಾಕ್ಬೇಡಿ," ಎಂದರು.

ಅವರೇ ಮಾತು ಮುಂದುವರಿಸಿದರು. "ಮೊನ್ನೆ ಅವರು ಆ ಪ್ಲೇಟು ಹಚ್ಚಿದ್ರು. ನಾನು ಒಳಗೆ ಮೀನು ತೊಳೀತಿದ್ದೆ. ನನ್ನ ಸಾಲು ಬಂತು, ಗೊತ್ತಿಲ್ಲದೆ ನಾನೂ ಹಾಡಿದೆ. ನನ್ನ ಈಗಿನ ಸ್ವರ ಅದಕ್ಕೆ ಸರಿಯಾಗಿ ಕೂತ್ಕೊಂಡಿತು. ಮದುವೆ ಆದ ಮೇಲೆ ಅವರು ಅಡುಗೆಮನೆ ಬಾಗಿಲಿಗೆ ಬಂದು ನಿಂತು ನನ್ನನ್ನು ನೋಡಿದ್ದು ಅದೇ ಮೊದಲು ಇರ್ಬೇಕು." ಅವರು ನಕ್ಕರು, ಕನ್ನಡಕದ ಹಿಂದೆ ಕಣ್ಣು ಒದ್ದೆಯಾಗಿತ್ತು. "ಮೊದಲಿನ ಸ್ಪೀಡಿಗೆ ನನ್ನ ಸ್ವರ ಈಗ ಏರುದಿಲ್ಲ. ಅಷ್ಟು ವರ್ಷ ಅವರು ಅಲ್ಲಿ ಆ ಹುಡುಗಿಯ ಜೊತೆ ಇದ್ರು. ನಾನು ಇಲ್ಲಿ ಒಬ್ಬಳೇ ಇದ್ದೆ. ಇನ್ನಾದ್ರೂ ನನ್ನ ಜೊತೆ ಇರ್ಲಿ, ಆಗದಾ?"

ಪುಲ್ಲಿ ಕಿಸೆಗೆ ವಾಪಸು ಹೋಯಿತು. ಪೊರ್ಬುಗಳು ಐಸ್‌ಕ್ರೀಮು ತಂದಾಗ, ಲೇತಿನವನು ಅಳತೆ ತಪ್ಪಿಸಿದ, ಮುಂದಿನ ಸಲ ನೋಡುವ ಎಂದೆ. ಅವರು ಬಹಳ ಬೇಸರಪಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೆ. "ಪರವಾಗಿಲ್ಲ ಬಿಡು," ಎಂದು ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ಊಟದ ನಂತರ ರೆಕಾರ್ಡು ಹಚ್ಚಿದರು. ನಿಧಾನದ ಆ ಹಾಡು ನಿಜಕ್ಕೂ ಕೇಳುವ ಹಾಗಿರಲಿಲ್ಲ. ಎರಡು ಸಾಲು ಬಂದಾಗ ಒಳಗಿನಿಂದ ಬಾಯಮ್ಮನ ಧ್ವನಿ ಅದಕ್ಕೆ ಸೇರಿತು, ಪೊರ್ಬುಗಳು ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಒರಗಿ ಕೂತರು. ನಾನು ಹೊರಟದ್ದು ಅವರ ಗಮನಕ್ಕೆ ಬಂತೋ ಇಲ್ಲವೋ.

ಆಮೇಲೆ ಅವರ ಫೋನುಗಳು ಕಡಿಮೆಯಾದವು. ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ. ಪುಲ್ಲಿಯ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ಅದು ನನ್ನ ಕೋಣೆಯ ಕಪಾಟಿನಲ್ಲಿ ಚಿಲ್ಲರೆ ಹಾಕುವ ಬಟ್ಟಲಲ್ಲಿ ಉಳಿಯಿತು. ಎರಡು ಕ್ರಿಸ್‌ಮಸ್ಸು ಕಳೆದು, ಮೂರನೆಯದಕ್ಕೆ ಮುಂಚೆ ಅವರು ನಿದ್ದೆಯಲ್ಲೇ ಹೋಗಿಬಿಟ್ಟರು ಎಂದು ಮಗಳ ಸಂದೇಶ ಬಂತು. ಆ ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಎದುರು ಕೋಣೆಯ ಬಾಗಿಲನ್ನು ನೋಡುತ್ತ ಹಾಗೇ ಕೂತಿದ್ದೆ. ಇಲ್ಲಿ ಯಾರಿಗೆ ಹೇಳುವುದು? ಕಂಪೆನಿಯಲ್ಲಿ ಅವರನ್ನು ಬಲ್ಲವರು ಯಾರೂ ಉಳಿದಿರಲಿಲ್ಲ.

ಕೆಲವು ತಿಂಗಳ ನಂತರ ಬಾಯಮ್ಮನೇ ಫೋನು ಮಾಡಿದರು. ಸುತ್ತು ಬಳಸಿ ಮಾತಾಡಿ, ಕೊನೆಗೆ, "ಆ ತುಂಡು ನಿಮ್ಮಲ್ಲಿ ಇನ್ನೂ ಉಂಟಾ?" ಎಂದು ಕೇಳಿದರು. ಉಂಟು ಎಂದೆ. "ಕಳಿಸ್ತೀರಾ? ಅವರು ಅಲ್ಲಿ ಕೇಳ್ತಿದ್ದದ್ದು ಹೇಗಿತ್ತು ಅಂತ ನನಗೆ ಒಮ್ಮೆ ಕೇಳ್ಬೇಕು."

ಮಂಗಳೂರಿಗೆ ಹೊರಟಿದ್ದ ಒಬ್ಬರ ಕೈಯಲ್ಲಿ ಕಳಿಸಿದೆ. ಅದನ್ನು ಹಾಕುವುದು ಹೇಗೆಂದು ಫೋನಿನಲ್ಲೇ ಹೇಳಿಕೊಟ್ಟೆ. ಮೇಲಿನ ತಟ್ಟೆ ಎತ್ತಬೇಕು, ಬೆಲ್ಟು ಬಿಡಿಸಬೇಕು, ಸಣ್ಣ ಸ್ಕ್ರೂ ಸಡಿಲಿಸಬೇಕು. ಅವರು ಕನ್ನಡಕ ಬದಲಿಸಿಕೊಂಡು, ನಡುನಡುವೆ ಕೊಂಕಣಿಯಲ್ಲಿ ಯಾರನ್ನೋ ಬೈದುಕೊಂಡು, ಎಲ್ಲವನ್ನೂ ತಾವೇ ಮಾಡಿದರು. ಫೋನನ್ನು ಮೇಜಿನ ಮೇಲೆ ಇಟ್ಟರು. ಹಾಡು ಶುರುವಾಯಿತು, ಖೋಬರಿನ ಶುಕ್ರವಾರಗಳಲ್ಲಿ ನಾನು ಕೇಳಿದ ಅದೇ ವೇಗದಲ್ಲಿ. ಎರಡು ಸಾಲು ಬಂತು. ಬಾಯಮ್ಮ ಈ ಸಲ ಜೊತೆಗೆ ಹಾಡಲಿಲ್ಲ. ಎಲ್ಲ ಮುಗಿದು, ಸೂಜಿ ಕೊನೆಯ ಗೆರೆಯಲ್ಲಿ ಸರಕ್ ಸರಕ್ ಎನ್ನುತ್ತಿದ್ದರೂ ಯಾರೂ ಎತ್ತಲಿಲ್ಲ.

"ಬಾಯಮ್ಮ, ಇದ್ದೀರಾ?" ಎಂದೆ.

"ಇದ್ದೇನೆ," ಎಂದರು. ಸೂಜಿ ಎತ್ತಿದ ಸದ್ದು ಬಂತು, ಆಮೇಲೆ ಹೇಳಿದರು: "ಎಷ್ಟು ಸಣ್ಣ ಹುಡುಗಿ ಮಾರಾಯ್ರೆ. ಇವಳೊಬ್ಬಳನ್ನೇ ಇಟ್ಕೊಂಡು ಅವರು ಅಲ್ಲಿ ಎಷ್ಟು ಒಬ್ಬರೇ ಇದ್ರು, ಅಲ್ವಾ?"